ದೇವರ ಮನೆಯ ನಾಣ್ಯ, ಕೆರೆ ಏರಿಯ ಕಲ್ಲು

ನಮ್ಮ ದೇವರ ಮನೆಯಲ್ಲೊಂದು ತಾಮ್ರದ ನಾಣ್ಯವಿದೆ. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ. ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ, 1818’. ಪ್ರತಿ ಶುಕ್ರವಾರ ಅಜ್ಜಿ ಅದಕ್ಕೆ ಅರಿಶಿನ, ಕುಂಕುಮ ಹಚ್ಚುತ್ತಾರೆ.

ಅಂಥದ್ದೇ ನಾಣ್ಯಕ್ಕೆ ಮೂರು ಲಕ್ಷ ಕೊಡುತ್ತೇವೆ ಎಂಬ ಜಾಹೀರಾತು ಮೊಬೈಲ್‌ನಲ್ಲಿ ಕಾಣಿಸಿತು. ಆ ಬೆಳೆಗೆ ರೇಷ್ಮೆ ಗೂಡಿನ ದರ ಬಿದ್ದು, ನನ್ನ ಬಿ.ಇ. ಶುಲ್ಕಕ್ಕಾಗಿ ಅಪ್ಪ ಕೈಸಾಲಕ್ಕೆ ಓಡಾಡುತ್ತಿದ್ದರು. ಫೋಟೊ ಕಳಿಸಿದೆ. ‘ನೋಂದಣಿಗೆ 1,500 ರೂಪಾಯಿ ಹಾಕಿ, ನಾಳೆಯೇ ಹಣ’ ಎಂದರು. ಅಜ್ಜಿ ಕೂಡಿಟ್ಟಿದ್ದ ಡೇರಿ ಬಟವಾಡೆ ದುಡ್ಡನ್ನು ‘ಪುಸ್ತಕಕ್ಕೆ’ ಎಂದು ಸುಳ್ಳು ಹೇಳಿ ಪಡೆದು ಹಾಕಿದೆ. ಮರುದಿನ ‘ತೆರಿಗೆಗೆ ಇನ್ನು ಆರು ಸಾವಿರ’ ಎಂದರು. ಹೊಟ್ಟೆಯೊಳಗೆ ಏನೋ ಕುಸಿದಂತಾಯಿತು.

ಅದೇ ಭಾನುವಾರ ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರ ಯುವಕ ಸಂಘದ ಸಭೆ. ಚಿಂತಾಮಣಿ ಕಡೆಯ ನಿವೃತ್ತ ಇತಿಹಾಸ ಮೇಷ್ಟ್ರ ಮಾತು: ‘ಬೆಲೆಬಾಳುವ ಹಳೆಯ ವಸ್ತು ಗುರುತಿಸುವುದು ಹೇಗೆ?’ ಗಣೇಶನ ಚಂದಾ ಲೆಕ್ಕಕ್ಕೆ ಹತ್ತು ಜನ ಸೇರದ ಸಂಘದಲ್ಲಿ ಅವತ್ತು ಕೂರಲು ಜಾಗವಿರಲಿಲ್ಲ! ಹಿತ್ತಾಳೆ ದೀಪ, ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ಅಕ್ಕಿ ಎಳೆಯುತ್ತದೆಂದು ಯಾರೋ ನಂಬಿಸಿದ್ದ ತಾಮ್ರದ ಚೊಂಬು, ಎಲ್ಲವೂ ಮೇಜಿನ ಮೇಲಿದ್ದವು. ನಾನೂ ನಾಣ್ಯ ಇಟ್ಟೆ.

ಮೇಷ್ಟ್ರು ಅದನ್ನು ತಿರುಗಿಸಿ ನೋಡಿದರು. ‘ಕಂಪನಿ ಸರ್ಕಾರ ಇಂಥ ನಾಣ್ಯ ಟಂಕಿಸಿಯೇ ಇಲ್ಲಪ್ಪ. ಆಮೇಲೆ ಯಾರೋ ಮಾರೋಕೆ ಮಾಡಿದ್ದು. ಪೂಜೆ ಮಾಡಿ, ತಪ್ಪಿಲ್ಲ. ಮಾರೋಕೆ ಹೋಗಬೇಡಿ.’ ನನ್ನ ಮುಖ ನೋಡಿ, ‘ದುಡ್ಡು ಕಟ್ಟಿದ್ದೀಯಾ?’ ಎಂದು ಮೆಲ್ಲಗೆ ಕೇಳಿದರು. ತಲೆಯಾಡಿಸಿದೆ. ಹಳೆಯ ನೋಟು, ನಾಣ್ಯ ಖರೀದಿಯ ಹೆಸರಲ್ಲಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿತ್ತಂತೆ. ಅದನ್ನು ಓದಲು ನನಗೆ ಎರಡು ನಿಮಿಷವೂ ಬೇಕಿರಲಿಲ್ಲ.

ಕಾನೂನಿನ ಮಾತೂ ಬಂತು. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಶಾಸನಗಳು ಪುರಾವಸ್ತುಗಳು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಮಣ್ಣಿನಲ್ಲಿ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು.

‘ಹಾಗಾದ್ರೆ ನಮ್ಮೂರಲ್ಲಿ ಬೆಲೆಬಾಳೋದು ಏನೂ ಇಲ್ವಾ ಸಾರ್?’ ಎಂದ ಗೆಳೆಯ. ಮೇಷ್ಟ್ರು ನಮ್ಮನ್ನು ಕೆರೆ ಏರಿಗೆ ಕರೆದೊಯ್ದರು. ನಾವು ಚಿಕ್ಕಂದಿನಿಂದ ಕೂತು ಹರಟುತ್ತಿದ್ದ ಕಲ್ಲಿನ ಮೇಲೆ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಸಿದರು. ಬಿಲ್ಲು ಹಿಡಿದ ವೀರ, ಪಕ್ಕದಲ್ಲಿ ಹಸುಗಳು, ಮೇಲೆ ಸವೆದ ಎರಡು ಸಾಲು ಅಕ್ಷರ! ತುರುಗೋಳಿನಲ್ಲಿ ಊರ ದನ ಬಿಡಿಸಲು ಹೋಗಿ ಸತ್ತವನ ವೀರಗಲ್ಲು. ನಿಧಿಯಾಸೆಗೆ ಇಂಥ ಕಲ್ಲುಗಳನ್ನೇ ಕೀಳುತ್ತಾರಂತೆ. ಕಿತ್ತರೆ ಅಡಿಯಲ್ಲಿ ಸಿಗುವುದು ಮಣ್ಣು. ಕಳೆಯುವುದು ಊರಿನ ಚರಿತ್ರೆ.

ನಂದಿಯ ಭೋಗನಂದೀಶ್ವರನಿಗೆ ಕ್ರಿ.ಶ. 806ರಷ್ಟು ಹಿಂದಿನ ಶಾಸನದ ಆಧಾರವಿರುವುದು, ಬಿ.ಎಲ್. ರೈಸ್ 1905ರಲ್ಲೇ ಅಂದಿನ ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ಪ್ರಕಟಿಸಿದ್ದು ನನಗೆ ತಿಳಿದದ್ದು ಅವತ್ತೇ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಅದರಲ್ಲಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಈಗ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಎಂಜಿನಿಯರಿಂಗ್ ಓದುವವನಿಗೂ ಇಲ್ಲಿ ಕೆಲಸವಿದೆ ಎಂದು ಮೊದಲ ಬಾರಿ ಅನ್ನಿಸಿತು. ಕಲ್ಲಿನ ಫೋಟೊ, ಅಳತೆ ತೆಗೆದುಕೊಂಡೆವು. ಈಗ ಅದರ ಮೇಲೆ ಯಾರೂ ಕೂರುವುದಿಲ್ಲ.

ರಾತ್ರಿ ಅಜ್ಜಿಗೆ ನಿಜ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಣ್ಯ ನಕಲಿಯಾದ್ರೆ ಏನಪ್ಪ, ನನ್ನ ರಾಮ ನಕಲಿ ಅಲ್ಲ. ಆದ್ರೆ ಹಾಲಿನ ದುಡ್ಡು ಅಸಲಿ. ತಿಂಗಳಿಗೆ ನೂರರ ಹಾಗೆ ಕೊಡು’ ಎಂದರು.

ಎರಡು ಕಂತು ತೀರಿಸಿದ್ದೇನೆ. ಇನ್ನು ಹದಿಮೂರು ಬಾಕಿ.