ಚಳಿರಾತ್ರಿಯ ಕುರಿಬಯಲಿನಲ್ಲಿ ಕೆಂಪುನರಿ

ನಮ್ಮಲ್ಲಿ ಆಷಾಢದ ಗಾಳಿ ಬೀಸುವ ಹೊತ್ತಿಗೆ ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ ನಡುಚಳಿಗಾಲ. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್ ರಾಜ್ಯಗಳ ಹುಲ್ಲುಗಾವಲುಗಳಲ್ಲಿ ಕುರಿಗಳು ಈಯುವ ಕಾಲವೂ ಅದೇ. ಅಲ್ಲಿ ಹಿಂಡನ್ನು ಸಂಜೆ ಹಟ್ಟಿಗೆ ಹೊಡೆದುಕೊಂಡು ಬರುವವರಿಲ್ಲ, ರಾತ್ರಿಯಿಡೀ ಕಂಬಳಿ ಹೊದ್ದು ಕಾವಲು ಕೂರುವ ಕುರಿಗಾಹಿಯೂ ಇಲ್ಲ. ತಂತಿಬೇಲಿ ಸುತ್ತಿದ ವಿಶಾಲ ಬಯಲಲ್ಲಿ ನೂರಾರು ಕುರಿಗಳು ಕೊರೆಯುವ ಗಾಳಿಯಲ್ಲೇ ಮರಿ ಹಾಕುತ್ತವೆ. ಬೆಳಗ್ಗೆ ರೈತ ಬಂದು ನೋಡಿದಾಗ ಕೆಲವು ಮರಿಗಳು ಸತ್ತು ಬಿದ್ದಿರುತ್ತವೆ. ಒಂದರ ಬಾಲ ಇಲ್ಲ, ಇನ್ನೊಂದರ ನಾಲಗೆ ಇಲ್ಲ, ಮತ್ತೊಂದರ ಕತ್ತಿನ ಮೇಲೆ ಹಲ್ಲಿನ ಗುರುತು. ಆ ರಾತ್ರಿ ಅವನು ದೀಪ ಮತ್ತು ಕೋವಿ ಹಿಡಿದು ಬಯಲಿಗಿಳಿಯುತ್ತಾನೆ. ಹುಡುಕುವುದು ಐದಾರು ಕಿಲೋ ತೂಗುವ ಒಂದು ಪ್ರಾಣಿಯನ್ನು. ಅದು ಕೆಂಪುನರಿ.

ಕೋವಿ ಹಿಡಿದ ರೈತನ ಸಿಟ್ಟು ನ್ಯಾಯವಾದದ್ದೇ. ಆದರೆ ಎಷ್ಟು ನರಿ ಉರುಳಿದವು ಎಂಬ ಲೆಕ್ಕದಿಂದ ಮರಿಗಳು ಉಳಿಯುವುದಿಲ್ಲ. ಯಾವಾಗ ತಡೆಯಬೇಕು, ಯಾರ ಜೊತೆ ಸೇರಿ ತಡೆಯಬೇಕು, ಸತ್ತ ಮರಿಯನ್ನು ನಿಜಕ್ಕೂ ಕೊಂದದ್ದು ಯಾವುದು ಎಂಬುದು ತಿಳಿದಿರಬೇಕು. ಇದಕ್ಕೆಲ್ಲ ಆ ಪ್ರಾಣಿಯ ಬದುಕನ್ನೇ ಮೊದಲು ಓದಿಕೊಳ್ಳಬೇಕು.

ಹಡಗಿನಲ್ಲಿ ಬಂದ ಬೇಟೆಗಾರ

ಕೆಂಪುನರಿ ಆಸ್ಟ್ರೇಲಿಯಾದ ಪ್ರಾಣಿಯಲ್ಲ. ಯೂರೋಪು, ಏಷ್ಯಾ, ಉತ್ತರ ಅಮೆರಿಕಗಳಲ್ಲೆಲ್ಲ ಸಹಜವಾಗಿ ಹರಡಿರುವ ಇದನ್ನು 19ನೇ ಶತಮಾನದ ನಡುಭಾಗದಲ್ಲಿ ಇಂಗ್ಲಿಷ್ ವಲಸಿಗರು ಮೆಲ್ಬರ್ನ್ ಸುತ್ತಮುತ್ತ ತಂದು ಬಿಟ್ಟರು. ಕುದುರೆಯೇರಿ, ನಾಯಿಗಳನ್ನು ಛೂ ಬಿಟ್ಟು ನರಿ ಬೇಟೆಯಾಡುವ ತಮ್ಮ ಊರಿನ ಮೋಜು ಇಲ್ಲಿಯೂ ಇರಲಿ ಎಂಬುದಷ್ಟೇ ಅವರ ಉದ್ದೇಶ. ಅದೇ ಕಾಲದಲ್ಲಿ, 1859ರಲ್ಲಿ, ಥಾಮಸ್ ಆಸ್ಟಿನ್ ಎಂಬ ಜಮೀನ್ದಾರ ವಿಕ್ಟೋರಿಯಾದ ತನ್ನ ಎಸ್ಟೇಟಿನಲ್ಲಿ ಕಾಡುಮೊಲಗಳನ್ನು ಬಿಟ್ಟಿದ್ದ. ಮೊಲ ಹಬ್ಬಿದ ದಾರಿಯಲ್ಲೇ ನರಿಯೂ ಹಬ್ಬಿತು. ಸುಮಾರು ನೂರು ವರ್ಷಗಳಲ್ಲಿ ಉತ್ತರದ ಉಷ್ಣವಲಯವೊಂದನ್ನು ಬಿಟ್ಟು ಖಂಡದ ಬಹುಭಾಗ ಅದರದಾಯಿತು.

ಇಂಥ ಬೇಟೆಗಾರನನ್ನು ಎದುರಿಸಿ ಗೊತ್ತಿಲ್ಲದ ಅಲ್ಲಿನ ಸಣ್ಣ ಸ್ತನಿಗಳು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ತತ್ತರಿಸಿದವು. ಹಲವು ಜೀವಿಗಳ ಅಳಿವಿನಲ್ಲಿ ಕಾಡು ಸೇರಿದ ಸಾಕುಬೆಕ್ಕಿನ ಜೊತೆಗೆ ನರಿಯ ಪಾಲೂ ಇದೆ. ಹೀಗಾಗಿ ಅಲ್ಲಿ ನರಿಯ ಹತೋಟಿ ಕುರಿಸಾಕಣೆಯ ಪ್ರಶ್ನೆಯೂ ಹೌದು, ಕಾಡು ಉಳಿಸುವ ಪ್ರಶ್ನೆಯೂ ಹೌದು.

ಚಳಿಗಾಲವೇ ಏಕೆ?

ಕುರಿಯ ಗರ್ಭದ ಅವಧಿ ಸುಮಾರು 150 ದಿನ. ಫೆಬ್ರವರಿ ಕೊನೆಗೆ ಹಿಂಡಿಗೆ ಟಗರು ಬಿಟ್ಟರೆ ಜುಲೈ ಕೊನೆಗೆ ಮರಿಗಳು. ಅವು ಬೆಳೆದು ಹಾಲು, ಹುಲ್ಲು ಎರಡೂ ಹೆಚ್ಚು ಬೇಕಾಗುವ ಹೊತ್ತಿಗೆ ವಸಂತದ ಹಸಿರು ಮೇಲೆದ್ದಿರುತ್ತದೆ. ಚಳಿಯಲ್ಲಿ ಮರಿ ಹಾಕಿಸುವುದರ ಹಿಂದಿನ ಲೆಕ್ಕ ಇದು.

ನರಿಯ ಲೆಕ್ಕವೂ ಇದೇ ಋತುವಿಗೆ ಹೊಂದಿಕೊಂಡಿದೆ. ಹೆಣ್ಣುನರಿ ವರ್ಷಕ್ಕೆ ಒಂದೇ ಸಲ, ಅದೂ ಎರಡು-ಮೂರು ದಿನ ಮಾತ್ರ ಗಂಡನ್ನು ಸೇರುತ್ತದೆ. ಆಸ್ಟ್ರೇಲಿಯಾದಲ್ಲಿ ಆ ಕಾಲ ಬಹುತೇಕ ಜೂನ್, ಜುಲೈ. ಗಂಡುಗಳು ತಮ್ಮ ಎಲ್ಲೆ ದಾಟಿ ಅಲೆಯುತ್ತವೆ, ರಾತ್ರಿಯೆಲ್ಲ ಕೂಗುತ್ತವೆ. 51ರಿಂದ 53 ದಿನಗಳಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಬಿಲದಲ್ಲಿ ನಾಲ್ಕೈದು ಮರಿಗಳು ಹುಟ್ಟುತ್ತವೆ. ಬೇಸಿಗೆಯಲ್ಲಿ ಹೇರಳವಾಗಿದ್ದ ಜೀರುಂಡೆ, ಮಿಡತೆ, ಹಣ್ಣುಗಳು ಚಳಿಯಲ್ಲಿ ಇರುವುದಿಲ್ಲ. ಗರ್ಭ ಹೊತ್ತ, ಮುಂದೆ ಹಾಲೂಡಬೇಕಾದ ಪ್ರಾಣಿಗೆ ಕುರಿಬಯಲು ಕರೆಯುವುದು ಆಗಲೇ. ಅದು ಅಲ್ಲಿಗೆ ಮೊದಲು ಬರುವುದು ಹೆಚ್ಚಾಗಿ ಕುರಿ ಈದ ಮೇಲೆ ಬಿದ್ದ ಮಾಸು ತಿನ್ನಲು, ಸತ್ತು ಹುಟ್ಟಿದ ಮರಿಗಳನ್ನು ಎಳೆದೊಯ್ಯಲು. ಬದುಕಿರುವ, ನಿತ್ರಾಣಗೊಂಡ ಮರಿಯೊಂದು ಒಂಟಿಯಾಗಿ ಸಿಕ್ಕಿದರೆ ಅದನ್ನೂ ಬಿಡುವುದಿಲ್ಲ.

ಬಿಲದಲ್ಲಿ ಮರಿಗಳು ಹುಟ್ಟುವ ಮೊದಲೇ ಹತೋಟಿ ಮಾಡುವುದರಲ್ಲಿ ಕರುಣೆಯ ಕಾರಣವೂ ಇದೆ. ಆಮೇಲೆ ತಾಯಿ ಸತ್ತರೆ ಕಣ್ಣು ಬಿಡದ ಮರಿಗಳು ಬಿಲದೊಳಗೇ ಹಸಿದು ಸಾಯುತ್ತವೆ.

ಹೊಳೆಯುವ ಕಣ್ಣು, ಹೊಳೆಯುವ ಮೈ

ಕತ್ತಲಲ್ಲಿ ನರಿಯನ್ನು ಹಿಡಿದುಕೊಡುವುದು ಅದರ ಕಣ್ಣು. ನಮ್ಮ ಕಣ್ಣಿನ ಅಕ್ಷಿಪಟಲಕ್ಕೆ ಬಿದ್ದ ಬೆಳಕು ಅಲ್ಲಿ ಹೀರಲ್ಪಡದಿದ್ದರೆ ವ್ಯರ್ಥ. ನರಿಯಲ್ಲಿ ಅಕ್ಷಿಪಟಲದ ಹಿಂದೆ ಟೇಪಿಟಮ್ ಎಂಬ ಪ್ರತಿಫಲಕ ಪದರ ಇದೆ. ತಪ್ಪಿಸಿಕೊಂಡ ಬೆಳಕನ್ನು ಅದು ಮತ್ತೆ ಅಕ್ಷಿಪಟಲದ ಮೂಲಕವೇ ಹಿಂದಕ್ಕೆ ಕಳಿಸುತ್ತದೆ. ಮಂಕು ಬೆಳಕಿನಲ್ಲಿ ಕಾಣಲು ಇದು ಎರಡನೇ ಅವಕಾಶ. ಆಗಲೂ ಉಳಿದ ಬೆಳಕು ಪಾಪೆಯಿಂದ ಹೊರಬಂದು, ಬಂದ ದಿಕ್ಕಿಗೇ ಹಿಂದಿರುಗುತ್ತದೆ. ದೀಪವನ್ನು ತನ್ನ ಕಣ್ಣಿನ ಮಟ್ಟಕ್ಕೆ ಹಿಡಿದವನಿಗೆ ಆ ಹೊಳಪು ಚೆನ್ನಾಗಿ ಕಾಣುವುದು ಅದಕ್ಕೇ. ದೂರದಲ್ಲಿ ಪಕ್ಕಕ್ಕೆ ನಿಂತವನಿಗೆ ಕಾಣುವುದಿಲ್ಲ. ಇಷ್ಟು ಸೂಕ್ಷ್ಮವಾದ ಕಣ್ಣನ್ನು ಹಗಲಿನಲ್ಲಿ ಕಾಪಾಡುವುದು ನರಿಯ ಪಾಪೆ. ನಾಯಿ, ತೋಳಗಳ ಪಾಪೆ ದುಂಡಗಿದ್ದರೆ ನರಿಯದು ಬೆಕ್ಕಿನದರಂತೆ ನೆಟ್ಟನೆಯ ಸೀಳು, ಬಿಗಿಯಾಗಿ ಮುಚ್ಚಬಲ್ಲದು.

ಕುರಿಗೂ ಟೇಪಿಟಮ್ ಇದೆ, ಅದರ ಕಣ್ಣೂ ಹೊಳೆಯುತ್ತದೆ. ಆದರೆ ಕುರಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ, ನರಿಯವು ಮುಂದಕ್ಕೆ ನೋಡುತ್ತವೆ. ಕುರಿ ನಿಂತಲ್ಲೇ ನೋಡುತ್ತದೆ. ನರಿ ಓಡುತ್ತ, ನಿಲ್ಲುತ್ತ, ಹಿಂದಿರುಗಿ ನೋಡುತ್ತ ಸಾಗುತ್ತದೆ. ಅನುಭವಿಗಳು ಇವನ್ನು ನೋಡಿಯೇ ಗುರುತಿಸುತ್ತಾರೆ. ಒಮ್ಮೆ ಗುಂಡಿನಿಂದ ತಪ್ಪಿಸಿಕೊಂಡ ನರಿ ಮಾತ್ರ ಪಾಠ ಕಲಿಯುತ್ತದೆ. ಮುಂದೆ ಬೆಳಕು ಬಿದ್ದೊಡನೆ ಕಣ್ಣು ತಿರುಗಿಸಿ ಮರೆಯಾಗುತ್ತದೆ. ಕೆಂಪು ಬೆಳಕು ನರಿಯ ಕಣ್ಣಿಗೆ ಮಂಕಾಗಿ ಕಾಣುವುದರಿಂದ ಕೆಲವರು ದೀಪಕ್ಕೆ ಕೆಂಪು ಗಾಜು ಹಾಕುತ್ತಾರೆ.

ಇತ್ತೀಚಿನ ವರ್ಷಗಳಲ್ಲಿ ದೀಪದ ಜಾಗಕ್ಕೆ ಥರ್ಮಲ್ ಕ್ಯಾಮೆರಾ ಬಂದಿದೆ. ಇದು ಬೆಳಕು ಚೆಲ್ಲುವುದಿಲ್ಲ, ಮೈಯ ಶಾಖವನ್ನು ಓದುತ್ತದೆ. ಪ್ರಾಣಿಗಳ ಮೈಯಿಂದ ಸದಾ ಹೊಮ್ಮುವ ಅವಗೆಂಪು ಕಿರಣಗಳ ತರಂಗಾಂತರ ಹೆಚ್ಚಾಗಿ 10 ಮೈಕ್ರೊಮೀಟರಿನ ಆಸುಪಾಸಿನಲ್ಲಿರುತ್ತದೆ. ಸಾಮಾನ್ಯ ಗಾಜು ಇವನ್ನು ತಡೆಯುತ್ತದೆ. ಆದ್ದರಿಂದ ಈ ಕ್ಯಾಮೆರಾದ ಮಸೂರವನ್ನು ಜರ್ಮೇನಿಯಂ ಲೋಹಾಭದಿಂದ ಮಾಡುತ್ತಾರೆ. ಜೀಪಿನ ಗಾಜು ಏರಿಸಿಕೊಂಡು ನೋಡಿದರೆ ಹೊರಗಿನದೇನೂ ಕಾಣದು. ಮಸೂರದ ಹಿಂದೆ ಸಾವಿರಾರು ಸೂಕ್ಷ್ಮ ಬಿಂದುಗಳ ಫಲಕ. ಒಂದೊಂದು ಬಿಂದುವಿನ ಮೇಲೂ ವನೇಡಿಯಂ ಆಕ್ಸೈಡಿನಂಥ ವಸ್ತುವಿನ ತೆಳುಪದರ ಇರುತ್ತದೆ. ಕಿರಣ ಬಿದ್ದು ಬಿಂದು ಅತ್ಯಲ್ಪ ಬಿಸಿಯಾದರೂ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಆ ಬದಲಾವಣೆಗಳೆಲ್ಲ ಸೇರಿ ಪರದೆಯ ಮೇಲೆ ಚಿತ್ರವಾಗುತ್ತವೆ.

ಈ ಯಂತ್ರಕ್ಕೆ ಚಳಿಗಾಲ ಅನುಕೂಲಕರ. ನೆಲ ತಣ್ಣಗಿದ್ದಷ್ಟೂ ಬೆಚ್ಚಗಿನ ಮೈ ಎದ್ದು ಕಾಣುತ್ತದೆ. ಮಂಜು, ಮಳೆ ಕವಿದರೆ ಮಾತ್ರ ನೋಟದ ದೂರ ಕುಗ್ಗುತ್ತದೆ. ಚಳಿಗಾಲದ ದಟ್ಟ ತುಪ್ಪಳ ಶಾಖವನ್ನು ಒಳಗೇ ಹಿಡಿದಿಡುವುದರಿಂದ ನರಿಯ ಮೈ ಮಂಕಾಗಿಯೂ ಮುಖ, ಕಾಲುಗಳು ಹೊಳಪಾಗಿಯೂ ತೋರುತ್ತವೆ. ಕ್ಯಾಮೆರಾ ತೋರಿಸುವುದು ಬಿಸಿಯ ಆಕಾರವನ್ನು. ಅದು ಯಾವ ಪ್ರಾಣಿ ಎಂದು ಹೇಳುವುದಿಲ್ಲ. ಹುಲ್ಲಿನ ಮರೆಯಲ್ಲಿ ಮಲಗಿದ ಕುರಿಮರಿ, ಪಕ್ಕದ ತೋಟದ ನಾಯಿ ಎರಡೂ ದೂರಕ್ಕೆ ಚಿಕ್ಕ ಬಿಳಿ ಗುರುತುಗಳೇ. ಗುರಿ ಏನೆಂದು ಖಚಿತವಾಗದೆ, ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಕೋವಿಯ ಕುದುರೆಗೆ ಬೆರಳು ತಾಗಿಸಬಾರದು ಎಂಬ ನಿಯಮಕ್ಕೆ ಎಷ್ಟೇ ಬೆಲೆಬಾಳುವ ಯಂತ್ರವೂ ವಿನಾಯಿತಿ ಕೊಡಿಸುವುದಿಲ್ಲ.

ಒಬ್ಬನಿಂದ ಆಗದ ಕೆಲಸ

ಒಂದು ತೋಟದಲ್ಲಿ ರಾತ್ರಿಯೆಲ್ಲ ಕೂತು ನಾಲ್ಕು ನರಿ ಹೊಡೆದರೆ ಏನಾಗುತ್ತದೆ? ಬಾವಿಯಿಂದ ಎಷ್ಟು ನೀರು ಸೇದಿದರೂ ಸುತ್ತಲಿನ ಊಟೆ ಮತ್ತೆ ತುಂಬಿಸುವಂತೆ, ಖಾಲಿಯಾದ ನೆಲೆಗೆ ನೆರೆಯ ನರಿಗಳು ಕೆಲವೇ ವಾರಗಳಲ್ಲಿ ಬಂದು ಸೇರುತ್ತವೆ. ಒಂದೊಂದು ನರಿಯ ಓಡಾಟದ ವ್ಯಾಪ್ತಿ ನೂರಾರು ಹೆಕ್ಟೇರ್. ತಂತಿಬೇಲಿ ಅದಕ್ಕೆ ಎಲ್ಲೆಯಲ್ಲ. ನರಿಗಳ ಸಂಖ್ಯೆ ಬೆಳೆಯದಂತೆ ತಡೆಯಬೇಕಾದರೆ ವರ್ಷಕ್ಕೆ ಅವುಗಳಲ್ಲಿ ಸುಮಾರು ಶೇಕಡಾ 65ರಷ್ಟು ಸಾಯಬೇಕಾಗುತ್ತದೆ ಎಂಬುದು ಪರಿಸರ ವಿಜ್ಞಾನಿಗಳ ಅಂದಾಜು. ವಿಕ್ಟೋರಿಯಾ ಸರ್ಕಾರ 2002-03ರಲ್ಲಿ ಬಾಲ ತಂದವರಿಗೆ ಬಹುಮಾನ ಕೊಡುವ ಪ್ರಯೋಗ ನಡೆಸಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಬಾಲಗಳು ಬಂದವು. ಆದರೂ ನರಿಗಳ ಸಂಖ್ಯೆ ನಿಜಕ್ಕೂ ತಗ್ಗಿರಬಹುದಾದ ಪ್ರದೇಶ ರಾಜ್ಯದ ಅತಿ ಸಣ್ಣ ಪಾಲು ಎಂದು ಪರಿಶೀಲನೆಯಲ್ಲಿ ತಿಳಿಯಿತು.

ಹೀಗಾಗಿ ಕೃಷಿ ಇಲಾಖೆಗಳು ಒತ್ತಿ ಹೇಳುವುದು ಒಂದನ್ನೇ. ಅಕ್ಕಪಕ್ಕದ ತೋಟದವರೆಲ್ಲ ಸೇರಿ, ಒಂದೇ ಹೊತ್ತಿಗೆ, ಕುರಿಗಳು ಮರಿ ಹಾಕುವ ಮೊದಲು ಕೆಲಸ ಮಾಡಬೇಕು. ಇದಕ್ಕೆ ಅಲ್ಲಿ ಬಳಕೆಯಲ್ಲಿರುವುದು '1080' ಎಂಬ ವಿಷ, ಸೋಡಿಯಂ ಫ್ಲೋರೋಅಸಿಟೇಟ್. ಮಾಂಸದ ತುಂಡಿನಲ್ಲಿ ಸುಮಾರು 3 ಮಿಲಿಗ್ರಾಂ ಸೇರಿಸಿ ಮಣ್ಣಿನಲ್ಲಿ ಹೂಳುತ್ತಾರೆ. ಜೀವಕೋಶಗಳು ಶಕ್ತಿ ಉತ್ಪಾದಿಸುವ ಸಿಟ್ರಿಕ್ ಆಮ್ಲ ಚಕ್ರವನ್ನೇ ಅದು ಕಟ್ಟಿಹಾಕುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಗ್ಯಾಸ್ಟ್ರೊಲೋಬಿಯಂ ಜಾತಿಯ ಗಿಡಗಳಲ್ಲಿ ಇದೇ ವಿಷ ಸಹಜವಾಗಿಯೇ ಇದೆ. ಅವುಗಳ ನಡುವೆ ವಿಕಾಸಗೊಂಡ ಅಲ್ಲಿನ ಹಲವು ಪ್ರಾಣಿಗಳು ಅದನ್ನು ತಾಳಿಕೊಳ್ಳುತ್ತವೆ, ಹೊರಗಿನಿಂದ ಬಂದ ನರಿ ತಾಳದು. ಈ ವ್ಯತ್ಯಾಸವನ್ನು ಆಧರಿಸಿಯೇ 1996ರಲ್ಲಿ 'ವೆಸ್ಟರ್ನ್ ಶೀಲ್ಡ್' ಎಂಬ ವನ್ಯಜೀವಿ ರಕ್ಷಣಾ ಯೋಜನೆ ಅಲ್ಲಿ ಆರಂಭವಾಯಿತು.

ವಿಷದ ಇನ್ನೊಂದು ಮುಖ ಕ್ರೂರವಾದದ್ದು. ನಾಯಿಗಳಿಗೂ ಇದು ಅಷ್ಟೇ ಮಾರಕ, ಮದ್ದಿಲ್ಲ. ನರಿಗೆ ಆಹಾರವನ್ನು ಎತ್ತಿಕೊಂಡು ಹೋಗಿ ಬೇರೆಡೆ ಹೂತಿಡುವ ಅಭ್ಯಾಸವಿರುವುದರಿಂದ ಆ ತುಂಡು ಎಲ್ಲಿ ಸಿಗುತ್ತದೆಂದು ಹೇಳಲಾಗದು. ತೋಟದ ನಾಯಿಗಳಿಗೆ ಬಾಯಿಬುಟ್ಟಿ ಹಾಕುತ್ತಾರೆ, ಎಚ್ಚರಿಕೆ ಫಲಕ ನೆಡುತ್ತಾರೆ. ಪ್ರಾಣಿದಯಾ ಸಂಸ್ಥೆಗಳು ಈ ಸಾವು ಮಾನವೀಯವಲ್ಲ ಎಂದು ಆಕ್ಷೇಪಿಸುತ್ತಲೇ ಇವೆ. ಆ ಆಕ್ಷೇಪ ಸರಿಯಾದದ್ದು. ರಕ್ತ ಆಮ್ಲಜನಕ ಒಯ್ಯದಂತೆ ಮಾಡುವ, ಮದ್ದು ಇರುವ ಇನ್ನೊಂದು ವಿಷ 2016ರಿಂದ ಬಳಕೆಗೆ ಬಂದಿದೆ.

ಸತ್ತ ಮರಿ ಹೇಳುವ ಸಾಕ್ಷಿ

ನರಿಯ ಹಲ್ಲಿನ ಗುರುತು ಇದ್ದ ಮಾತ್ರಕ್ಕೆ ಅದೇ ಕೊಂದಿತು ಎನ್ನಲಾಗದು. ಪಶುವೈದ್ಯರು ಸತ್ತ ಮರಿಯನ್ನು ಕೊಯ್ದು ಕ್ರಮವಾಗಿ ನೋಡುತ್ತಾರೆ. ಶ್ವಾಸಕೋಶದ ತುಂಡು ನೀರಿನಲ್ಲಿ ತೇಲಿದರೆ ಮರಿ ಉಸಿರಾಡಿತ್ತು. ಗೊರಸಿನ ತುದಿಯ ಮೆತ್ತನೆಯ ಪೊರೆ ಸವೆದಿದ್ದರೆ ನಡೆದಾಡಿತ್ತು. ಹೊಟ್ಟೆಯಲ್ಲಿ ಗಿಣ್ಣುಹಾಲು ಇದ್ದರೆ ಕುಡಿದಿತ್ತು. ಮೂತ್ರಪಿಂಡದ ಸುತ್ತಲಿನ ಕಂದುಕೊಬ್ಬು ನವಜಾತ ಮರಿಗೆ ಮೈ ಬೆಚ್ಚಗಿಡುವ ಇಂಧನ. ಅದು ಮುಗಿದಿದ್ದರೆ ಮರಿ ಹಸಿವು, ಚಳಿಗಳಿಂದ ಬಳಲಿತ್ತು. ಕಚ್ಚಿದ ಜಾಗದಲ್ಲಿ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚುವಾಗ ಜೀವವಿತ್ತು. ಇಲ್ಲದಿದ್ದರೆ ನರಿ ತಿಂದದ್ದು ಹೆಣವನ್ನು.

ದಶಕಗಳಿಂದ ನಡೆದ ಇಂಥ ಪರೀಕ್ಷೆಗಳಿಂದ ಒಂದು ಸಂಗತಿ ಸ್ಪಷ್ಟವಾಗಿದೆ. ಹೆಚ್ಚಿನ ಮರಿಗಳು ಸಾಯುವುದು ಹುಟ್ಟಿದ ಮೊದಲ ಮೂರು ದಿನಗಳಲ್ಲಿ. ಮುಖ್ಯ ಕಾರಣಗಳು ಹೆರಿಗೆಯ ತೊಡಕು, ಹಸಿವು, ಚಳಿಗಾಳಿ, ತಾಯಿಯಿಂದ ಅಗಲಿಕೆ. ನರಿಯ ಪಾಲು ಸಾಮಾನ್ಯವಾಗಿ ಇವುಗಳಿಗಿಂತ ಕಡಿಮೆ. ಕೆಲವು ತೋಟಗಳಲ್ಲಿ, ಕೆಲವು ವರ್ಷಗಳಲ್ಲಿ ಮಾತ್ರ ಅದು ದೊಡ್ಡದಾಗುತ್ತದೆ. ಅವಳಿಗಳಲ್ಲಿ ಒಂದು ಹಿಂದೆ ಉಳಿದಾಗ ಅಗಲಿಕೆ, ನರಿ ಎರಡೂ ಕಾರಣಗಳು ಒಂದಾಗುತ್ತವೆ. ತಾಯಿ ಒಂದನ್ನು ಕರೆದುಕೊಂಡು ಮುಂದೆ ಹೋಗಿರುತ್ತದೆ, ಹಾಲು ಕಾಣದ ಇನ್ನೊಂದು ನರಿಯ ಪಾಲಾಗುತ್ತದೆ.

ಹಾಗಾಗಿ ತಿಳಿದ ರೈತರು ಸ್ಕ್ಯಾನ್ ಮಾಡಿಸಿ ಅವಳಿ ಹೊತ್ತ ಕುರಿಗಳನ್ನು ಬೇರೆ ಮಾಡುತ್ತಾರೆ. ಚಿಕ್ಕ ಗುಂಪುಗಳಲ್ಲಿ, ಗಾಳಿಗೆ ಮರೆಯಿರುವ ಬಯಲಲ್ಲಿ, ಒಳ್ಳೆಯ ಮೇವಿನಲ್ಲಿ ಇಡುತ್ತಾರೆ. ನಾಯಿಜಾತಿಯ ಪ್ರಾಣಿ ಕಂಡರೆ ಅಟ್ಟಿಬರುವ ಅಲ್ಪಾಕಾಗಳನ್ನು ಹಿಂಡಿನೊಡನೆ ಬಿಡುವವರಿದ್ದಾರೆ. ಮರಿಯಾಗಿದ್ದಾಗಿನಿಂದ ಕುರಿಗಳ ಜೊತೆಯೇ ಬೆಳೆದ ಇಟಲಿ ಮೂಲದ ಮರೆಮ್ಮಾ ನಾಯಿ ಹಿಂಡನ್ನೇ ತನ್ನ ಬಳಗ ಎಂದು ಕಾಯುತ್ತದೆ. ವಿಕ್ಟೋರಿಯಾದ ವಾರ್ನಂಬೂಲ್ ಬಳಿಯ ಮಿಡ್ಲ್ ಐಲೆಂಡ್‌ನಲ್ಲಿ ನರಿಗಳ ಹಾವಳಿಯಿಂದ 2005ರ ಹೊತ್ತಿಗೆ ಹತ್ತಕ್ಕಿಂತ ಕಡಿಮೆ ಪುಟ್ಟ ಪೆಂಗ್ವಿನ್‌ಗಳು ಉಳಿದಿದ್ದವು. 2006ರಲ್ಲಿ ಮರೆಮ್ಮಾ ನಾಯಿಗಳನ್ನು ಕಾವಲಿಗಿಟ್ಟ ಮೇಲೆ ಅವು ಮತ್ತೆ ಚೇತರಿಸಿಕೊಂಡವು.

ಈ ಕಥೆ ಓದಿ ನಮ್ಮ ಬಯಲುಸೀಮೆಯ ನರಿಯ ಮೇಲೆ ಯಾರೂ ಸಿಟ್ಟಾಗಬಾರದು. ನಮ್ಮ ಹೊಲಗಳ ಪುಟ್ಟ ನರಿ ಈ ನೆಲದ್ದೇ ಪ್ರಾಣಿ. ಇಲಿ, ಹುಳು, ಎಲಚಿ ಹಣ್ಣು ತಿಂದು ಬದುಕುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಅದಕ್ಕಿದೆ. ಆಸ್ಟ್ರೇಲಿಯಾದವರು ಹಡಗಿನಲ್ಲಿ ತಂದುಕೊಂಡ ಸಂಕಟವನ್ನು ನಾವು ವಿಷದ ಮಾಂಸ ಇಟ್ಟು ಇಲ್ಲಿ ಸೃಷ್ಟಿಸಿಕೊಳ್ಳುವುದು ಬೇಡ. ಆ ಮಾಂಸ ಹದ್ದು, ತೋಳ, ಸಾಕುನಾಯಿ ಎಲ್ಲವನ್ನೂ ಕೊಲ್ಲುತ್ತದೆ. ಹಿಂಡಿಗೆ ಒಳ್ಳೆಯ ನಾಯಿ, ರಾತ್ರಿಗೆ ಭದ್ರವಾದ ಹಟ್ಟಿ, ಈಯುವ ಕುರಿಯ ಮೇಲೆ ಕಣ್ಣು ಇದ್ದರೆ ಮರಿಗಳು ಉಳಿಯುತ್ತವೆ. ನಮ್ಮ ಕುರಿಗಾಹಿಗಳು ತಲೆಮಾರುಗಳಿಂದ ಮಾಡುತ್ತ ಬಂದಿರುವ ಈ ಕಾವಲಿಗೆ ಬೆಂಬಲ ಕೊಡೋಣ.