ಹಳೆಯ ಕಾರಿನ ಉಸಿರ್ನಾಳ

ಕೆಂಕೆರೆಯ ಕಡೆ ಕೊಬ್ಬರಿಯ ಅಟ್ಟವನ್ನು ಕಟ್ಟಿಸುವವರು ಮೊದಲು ವಿಚಾರಿಸುವುದು ಗಾಳಿಯ ಸಂಚಾರವನ್ನು. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದನ್ನು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ತಾನಾಗಿ ಬಿಡಿಸಿಕೊಳ್ಳುವವರೆಗೆ ಕಾಯುವ ಈ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ, ತೇವಕ್ಕೆ ಹೊರದಾರಿಯಿಲ್ಲದ ಅಟ್ಟವು ವರ್ಷದ ದುಡಿಮೆಯನ್ನೆಲ್ಲ ಬೂಷ್ಟಿಗೆ ಒಪ್ಪಿಸುತ್ತದೆಂಬುದನ್ನು ಮಕ್ಕಳೂ ಬಲ್ಲರು. ಅದೇ ಅಟ್ಟದ ಮಗ್ಗುಲಲ್ಲಿ ನಿಲ್ಲುವ ಹಳೆಯ ಕಾರಿನ ಎಂಜಿನ್ನಿಗೂ ಇಂಥದೊಂದು ಗಾಳಿದಾರಿ ಉಂಟೆಂಬುದನ್ನೂ, ಅದು ಕಟ್ಟಿಕೊಂಡಾಗ ತಲೆದೋರುವ ವ್ಯಾಧಿಗಳು ನೋಡುವವರಿಗೆ ಮುಪ್ಪಿನ ಲಕ್ಷಣಗಳಂತೆಯೇ ತೋರುತ್ತವೆಂಬುದನ್ನೂ ನಾನು ಅರಿತದ್ದು ಬಹಳ ತಡವಾಗಿ. ಗ್ಯಾರೇಜಿನವರು ಈ ದಾರಿಗೆ ಬ್ರೀದರ್ ಎನ್ನುತ್ತಾರೆ. ಅದನ್ನು ಪರೀಕ್ಷಿಸಿ, ಶುದ್ಧಿಮಾಡಿ, ಸವೆದ ಭಾಗಗಳನ್ನು ಬದಲಿಸುವ ಕೆಲಸವು ಅರ್ಧ ದಿನವನ್ನೂ ಬೇಡದ ಚಿಕ್ಕ ಕಸುಬು. ಆದರೂ ಅದರಲ್ಲಿ ಅಡಗಿರುವ ವಿವೇಕವು ಚಿಕ್ಕದಲ್ಲ.

ಪಿಸ್ಟನ್ನಿನ ಸುತ್ತ ಲೋಹದ ರಿಂಗುಗಳು ಎಷ್ಟೇ ಬಿಗಿಯಾಗಿ ಕುಳಿತಿದ್ದರೂ, ಮೇಲೆ ಪೆಟ್ರೋಲು ಸ್ಫೋಟಿಸಿದ ಪ್ರತಿಯೊಂದು ಸಲವೂ ಒಂದಿಷ್ಟು ಅನಿಲವು ಅವುಗಳ ಅಂಚಿನಿಂದ ನುಸುಳಿ ಕೆಳಗಿನ ಎಣ್ಣೆಯ ಮನೆಗೆ, ಎಂದರೆ ಕ್ರ್ಯಾಂಕ್ ಕೇಸಿಗೆ, ಇಳಿದೇ ಇಳಿಯುತ್ತದೆ. ಮೂರು ಸಿಲಿಂಡರಿನ ಸಣ್ಣ ಕಾರು ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿರುವಾಗ ಇಂಥ ಸ್ಫೋಟಗಳು ನಿಮಿಷಕ್ಕೆ 4500 ನಡೆಯುತ್ತವೆಂದರೆ, ಒಂದೊಂದು ಸಲ ನುಸುಳುವುದು ಅತ್ಯಲ್ಪವಾದರೂ ಒಟ್ಟು ಪ್ರಮಾಣವು ಅಲ್ಪವಲ್ಲವೆಂಬುದನ್ನು ಊಹಿಸಬಹುದು. ಆ ಅನಿಲದಲ್ಲಿ ಉರಿಯದೆ ಉಳಿದ ಪೆಟ್ರೋಲಿದೆ, ಹೊಗೆಯಿದೆ; ಎಲ್ಲಕ್ಕಿಂತ ಮಿಗಿಲಾಗಿ ನೀರಿನ ಆವಿಯಿದೆ. ಒಂದು ಲೀಟರು ಪೆಟ್ರೋಲು ಉರಿದಾಗ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರಿನ ಸಮೀಪಕ್ಕೆ ಬರುತ್ತದೆಂಬ ಮಾತು ಕೇಳಿದವರಿಗೆ ಆಶ್ಚರ್ಯವನ್ನುಂಟುಮಾಡೀತು; ಆದರೆ ಅದು ರಸಾಯನಶಾಸ್ತ್ರದ ಸರಳ ಲೆಕ್ಕ. ಕೆಂಕೆರೆಯಿಂದ ಸಮೀಪದ ಹುಳಿಯಾರಿನ ಪೇಟೆಗೆ ಹೋಗಿ ಬರುವಷ್ಟರ ಓಡಾಟವೇ ನಿತ್ಯದ್ದಾದ ಕಾರಿನಲ್ಲಿ ಎಂಜಿನ್ನು ಪೂರ್ತಿ ಕಾಯುವುದೇ ಇಲ್ಲ; ಆವಿಯು ಹೊರಬೀಳದೆ ತಣಿದು ಎಣ್ಣೆಯೊಡನೆ ಬೆರೆತು, ಎಣ್ಣೆ ಹಾಕುವ ಮುಚ್ಚಳದ ಒಳಮೈಯಲ್ಲಿ ಕಡೆದ ಬೆಣ್ಣೆಯಂಥ ಬಿಳಿ ಜಿಡ್ಡಾಗಿ ಕೂರುತ್ತದೆ. ಇತ್ತ ಅನಿಲದ ಒತ್ತಡವು ಏರುತ್ತ ಏರುತ್ತ, ತನಗೆ ವಿಹಿತವಾದ ದಾರಿಯಿಲ್ಲವಾಗಿ, ಆಯಿಲ್ ಸೀಲುಗಳ ಸಂದಿನಿಂದ ಎಣ್ಣೆಯನ್ನು ಹೊರನೂಕುತ್ತದೆ, ಕೆಲವೊಮ್ಮೆ ಎಣ್ಣೆ ಅಳೆಯುವ ಕಡ್ಡಿಯನ್ನೇ ಮೇಲಕ್ಕೆ ತಳ್ಳುತ್ತದೆ.

ಹಿಂದಿನವರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಸರಳವಾದದ್ದು. ನಮ್ಮ ಕಡೆಯ ತೋಟಗಳ ಯಜಮಾನರ ಮನೆಯಂಗಳದಲ್ಲಿ ದಶಕಗಳ ಕಾಲ ಗಾಂಭೀರ್ಯದಿಂದ ನಿಂತಿರುತ್ತಿದ್ದ ಅಂಬಾಸಡರಿನ 1489 ಸಿಸಿಯ ಹಳೆಯ ಎಂಜಿನ್ನಿನ ಪಕ್ಕದಿಂದ ಒಂದು ಕೊಳವೆ ನೆಲದ ಕಡೆಗೆ ಇಳಿದಿರುತ್ತಿತ್ತು; ಕಾರು ಓಡುವಾಗ ಅಡಿಯಲ್ಲಿ ಹರಿಯುವ ಗಾಳಿಯು ಒಳಗಿನ ಹೊಗೆಯನ್ನು ಸೆಳೆದು ರಸ್ತೆಗೆ ಚೆಲ್ಲಬೇಕೆಂಬುದು ಅದರ ಉದ್ದೇಶ. ಕಾರು ನಿಂತರೆ ಸೆಳೆತವೂ ನಿಂತಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಸೇನೆಯ ವಾಹನಗಳು ಹೊಳೆಗಳನ್ನು ದಾಟುವಾಗ ಈ ತೆರೆದ ಬಾಯಿಯಿಂದ ನೀರು ಎಂಜಿನ್ನಿಗೆ ನುಗ್ಗದಿರಲೆಂದು, ಆ ಹೊಗೆಯನ್ನು ಎಂಜಿನ್ನೇ ಮರಳಿ ಹೀರಿ ಸುಡುವಂತೆ ಮುಚ್ಚಿದ ಮಾರ್ಗವೊಂದನ್ನು ರಚಿಸಿದರು. ಮುಂದೆ ಲಾಸ್ ಏಂಜಲೀಸಿನ ಕವಿದ ಹೊಗೆಗೆ ವಾಹನಗಳ ಅನಿಲವು ಮುಖ್ಯ ಕಾರಣವೆಂಬುದನ್ನು ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ತೋರಿಸಿಕೊಟ್ಟ ಬಳಿಕ, 1961ರ ಮಾದರಿಯ ಕಾರುಗಳಿಂದ ಮೊದಲ್ಗೊಂಡು ಕ್ಯಾಲಿಫೋರ್ನಿಯಾದಲ್ಲಿ ಆ ಏರ್ಪಾಡು ರೂಢಿಗೆ ಬಂದಿತು. ಪಿಸಿವಿ ವಾಲ್ವು ಎಂದು ಗ್ಯಾರೇಜುಗಳಲ್ಲಿ ಕರೆಯುವ, ಹೆಬ್ಬೆರಳಿಗಿಂತ ದೊಡ್ಡದಲ್ಲದ ಬಿಡಿಭಾಗವು ಅದರ ಹೃದಯ. ಅದರೊಳಗೆ ಸ್ಪ್ರಿಂಗಿಗೆ ಆತುಕೊಂಡ ಒಂದು ಸಣ್ಣ ಬೆಣೆಯುಂಟು. ಎಂಜಿನ್ನು ನಿಂತಲ್ಲೇ ಮೆಲ್ಲಗೆ ಉರಿಯುವಾಗ ಅದು ದಾರಿಯನ್ನು ಕಿರಿದುಮಾಡುತ್ತದೆ, ಭಾರ ಎಳೆಯುವಾಗ ಹಿರಿದುಮಾಡುತ್ತದೆ, ಹಿಂಬದಿಯಿಂದ ಬೆಂಕಿ ನುಗ್ಗಿದರೆ ಮುಚ್ಚಿಬಿಡುತ್ತದೆ.

ನಮ್ಮ ಮನೆಯ ಮಾರುತಿ 800 ಎಣ್ಣೆ ಕಾರಲು ಆರಂಭಿಸಿದಾಗ, ಪಟ್ಟಣದ ಗ್ಯಾರೇಜೊಂದರಲ್ಲಿ ‘ಬ್ಯಾಕ್ ಕಂಪ್ರೆಷನ್’, ಎಂದರೆ ರಿಂಗುಗಳು ಸವೆದು ಅನಿಲ ಕೆಳಗಿಳಿಯುತ್ತಿದೆ ಎಂದು ಹೇಳಿ, ಎಂಜಿನ್ ಬಿಚ್ಚಿ ಸಿಲಿಂಡರುಗಳಿಗೆ ಬೋರು ಮಾಡಿಸಬೇಕೆಂದು ವಿಧಿಸಿದ್ದರು. ನಾನು ಅಷ್ಟು ಹಣವನ್ನು ಹೊಂದಿಸುವ ಚಿಂತೆಯಲ್ಲಿದ್ದಾಗ, ಹುಳಿಯಾರು ರಸ್ತೆಯ ಒಬ್ಬ ವೃದ್ಧ ಮೇಸ್ತ್ರಿ ಬಾನೆಟ್ಟನ್ನು ಎತ್ತಿ, ಆ ವಾಲ್ವನ್ನು ಕಿತ್ತು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಅಟ್ಟದಿಂದ ಇಳಿಸಿದ ಕಾಯನ್ನು ಕಿವಿಯ ಬಳಿ ಕುಲುಕಿ, ಒಳಗೆ ಗಿಟುಕು ಲೊಡಗುಟ್ಟಿದರೆ ಪಕ್ವವಾಯಿತೆಂದು ತೀರ್ಮಾನಿಸುವ ನಮ್ಮ ರೈತರ ಅಂಗವಿನ್ಯಾಸವೇ ಅದು. ಒಳ್ಳೆಯ ವಾಲ್ವು ಕಟಕಟ ಎನ್ನಬೇಕು, ಇದು ಮೂಕವಾಗಿತ್ತು. “ಮೇಷ್ಟ್ರೇ, ಬೋರಿಗೇನೂ ಆಗಿಲ್ಲ, ಉಸಿರು ಕಟ್ಟೈತೆ” ಎಂದರು. ಒಳಗೆ ಕರಿಯ ಜಿಡ್ಡು ಡಾಂಬರಿನಂತೆ ಹೆಪ್ಪುಗಟ್ಟಿತ್ತು.

ಅವರ ಕೆಲಸದ ಕ್ರಮವನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಕಾದು ಗಡುಸಾದ ರಬ್ಬರ್ ಪೈಪನ್ನು ಅವರು ಎಳೆಯಲಿಲ್ಲ. ಕ್ಲಿಪ್ಪನ್ನು ಸಡಿಲಿಸಿ, ಎಡಬಲಕ್ಕೆ ತಿರುಚುತ್ತ ಬಿಡಿಸಿದರು, ಏಕೆಂದರೆ ಅವಸರಪಟ್ಟರೆ ಪೈಪು ಕೂಡಿಕೊಂಡಿರುವ ಮೂತಿಯೇ ಮುರಿದುಹೋದೀತು. ಟ್ಯಾಪೆಟ್ ಕವರಿನ ದಾರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿರುಕುಬಿಟ್ಟಿದ್ದ ರಬ್ಬರ್ ಬಳೆಯನ್ನು ಬಿಸಾಡಿ ಹೊಸದನ್ನು ಕೂರಿಸಿದರು. ನೀರಿನ ಪೈಪಿನ ತುಂಡು ನಮ್ಮ ತೋಟದಲ್ಲಿ ಬೇಕಾದಷ್ಟಿತ್ತಾದರೂ ಅದನ್ನು ಅವರು ಮುಟ್ಟಲಿಲ್ಲ. ಎಣ್ಣೆಯ ಆವಿಗೆ ಅದು ಉಬ್ಬಿ ಮೆತ್ತಗಾಗುತ್ತದೆ, ಎಂಜಿನ್ನಿನ ಸೆಳೆತಕ್ಕೆ ಸಿಕ್ಕಿ ಒಳಕ್ಕೆ ಅಪ್ಪಚ್ಚಿಯಾಗಿ ದಾರಿಯನ್ನು ಮತ್ತೆ ಮುಚ್ಚುತ್ತದೆ. ಆದ್ದರಿಂದ ಎಣ್ಣೆ ತಾಳುವ ಪೈಪೇ ಆಗಬೇಕೆಂದು ಹಟ ಹಿಡಿದರು. ಅದು ತಿಪಟೂರಿನಲ್ಲಿ ಸಿಕ್ಕದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬೇಕು, ಅಷ್ಟೆ. ಎಲ್ಲವನ್ನೂ ಜೋಡಿಸಿ ಎಂಜಿನ್ ಚಾಲೂ ಮಾಡಿ, ಎಣ್ಣೆಯ ಮುಚ್ಚಳವನ್ನು ತೆಗೆದು, ಆ ಬಾಯಿಯ ಮೇಲೆ ಒಂದು ಕಾಗದದ ಚೂರನ್ನು ಇಟ್ಟರು. ಕೆಲಸಕ್ಕೆ ಮುನ್ನ ಇಟ್ಟಾಗ ಹಾರಿಹೋಗುತ್ತಿದ್ದ ಕಾಗದ ಈಗ ಮೆಲ್ಲನೆ ಒಳಸೆಳೆತಕ್ಕೆ ಸಿಕ್ಕಿ ಅಂಟಿಕೊಂಡಿತು. ನೀರೂ ಪೆಟ್ರೋಲೂ ಬೆರೆತು ಕೆಟ್ಟಿದ್ದ ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ಹೊಯ್ದು, ಕಾರ್ಬ್ಯುರೇಟರನ್ನು ಸ್ವಲ್ಪ ಸರಿಪಡಿಸಿದಲ್ಲಿಗೆ ಚಿಕಿತ್ಸೆ ಮುಗಿಯಿತು.

ಎಲ್ಲ ಎಂಜಿನ್ನುಗಳೂ ಹೀಗೆ ಬದುಕಿಕೊಳ್ಳುತ್ತವೆಂದು ನಾನು ಹೇಳಲಾರೆ. ಉಸಿರ್ನಾಳ ಶುದ್ಧವಾದ ಮೇಲೂ ಎಣ್ಣೆ ಹಾಕುವ ಬಾಯಿಯಿಂದ ಹೊಗೆ ಭುಸುಗುಡುತ್ತಿದ್ದರೆ ರಿಂಗುಗಳು ನಿಜವಾಗಿಯೂ ಸವೆದಿವೆ. ಆಗ ಬಿಚ್ಚುವುದು ಅನಿವಾರ್ಯ. ನಾರು ಬಡಿಯುವ ಕಾರ್ಖಾನೆಗಳ ಧೂಳಿನಲ್ಲಿ, ತೋಟದ ಮಣ್ಣುದಾರಿಗಳಲ್ಲಿ ಓಡಾಡುವ ನಮ್ಮ ಕಡೆಯ ಹಳೆಯ ಕಾರುಗಳಿಗೆ ಆ ಗತಿಯೂ ಬರುವುದುಂಟು. ಆದರೆ ಅದು ಕೊನೆಯ ಮಾತಾಗಬೇಕೇ ಹೊರತು ಮೊದಲಿನದಲ್ಲ. ಈ ಸೀಮೆಯ ಯಾರಾದರೂ ತಮ್ಮ ಹಳೆಯ ಕಾರು ಎಣ್ಣೆ ಕಾರುತ್ತಿದೆಯೆಂದು ಗ್ಯಾರೇಜಿಗೆ ಒಯ್ದಾಗ, ಎಂಜಿನ್ ಬಿಚ್ಚಲು ಒಪ್ಪಿಗೆ ಕೊಡುವ ಮೊದಲು ಬ್ರೀದರನ್ನು ಕಳಚಿ ತೋರಿಸಿರೆಂದು ದಯವಿಟ್ಟು ಕೇಳಬೇಕು; ಆ ವಾಲ್ವನ್ನು ತಮ್ಮ ಕಿವಿಯ ಬಳಿಯೇ ಒಮ್ಮೆ ಅಲ್ಲಾಡಿಸಿ ನೋಡಬೇಕು.