ಕಲ್ಪವೃಕ್ಷಗಳು ವಿರಳವಾದಾಗ

ಅವಸರ್ಪಿಣಿಯ ಮೂರನೆಯ ಕಾಲದ ಕೊನೆಯಲ್ಲಿ ಭೋಗಭೂಮಿಯ ಕಲ್ಪವೃಕ್ಷಗಳು ಕ್ಷೀಣಿಸತೊಡಗಿದವು. ಅಲ್ಲಿಯವರೆಗೆ ಅನ್ನ, ವಸ್ತ್ರ, ಆಭರಣಗಳೆಲ್ಲ ಬೇಡಿದಾಗ ದೊರೆಯುತ್ತಿದ್ದುದರಿಂದ ನನ್ನದು, ನಿನ್ನದು ಎಂಬ ಮಾತಿಗೆ ಆಸ್ಪದವಿರಲಿಲ್ಲ. ಮರಗಳು ವಿರಳವಾದೊಡನೆ ಕಲಹ ಹುಟ್ಟಿತು. ಐದನೆಯ ಕುಲಕರನಾದ ಸೀಮಂಕರನು ಮಾತಿನಿಂದಲೇ ಎಲ್ಲೆಗಳನ್ನು ನಿಯಮಿಸಿದನು. ಮರಗಳು ಇನ್ನಷ್ಟು ಕಡಿಮೆಯಾಗಲು ಮಾತಿನ ಎಲ್ಲೆ ಸಾಲದೆ, ಆರನೆಯವನಾದ ಸೀಮಂಧರನು ಗಿಡಪೊದೆಗಳ ಗುರುತಿನಿಂದ ಗಡಿ ತೋರಿಸಬೇಕಾಯಿತು. ಜಿನಸೇನಾಚಾರ್ಯರ ಆದಿಪುರಾಣದ ಈ ವೃತ್ತಾಂತವನ್ನು ಬರಿಯ ಪೀಠಿಕೆಯೆಂದು ದಾಟಿಹೋಗುವವರೇ ಹೆಚ್ಚು. ಆದರೆ ದ್ವೇಷ ಹುಟ್ಟುವ ಕ್ರಮವೇ ಇದರಲ್ಲಿದೆ. ಜನರು ಮೊದಲು ದುಷ್ಟರಾಗಿ ಆಮೇಲೆ ಜಗಳವಾಡಿದವರಲ್ಲ. ಕೊರತೆ ಮೊದಲು ಬಂದಿತು.

1954ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಮನೋವಿಜ್ಞಾನಿ ಮುಜಫರ್ ಶೆರಿಫ್ ಮತ್ತು ಸಂಗಡಿಗರು ಇದನ್ನೇ ಪ್ರಯೋಗದಲ್ಲಿ ಕಂಡರು. ಬೇಸಿಗೆ ಶಿಬಿರಕ್ಕೆ ಬಂದ 22 ಬಾಲಕರನ್ನು ಎರಡು ತಂಡಗಳಾಗಿಸಿ, ಗೆದ್ದ ತಂಡಕ್ಕೆ ಮಾತ್ರ ಪದಕ ಮತ್ತು ಚಾಕುಗಳೆಂದು ಸ್ಪರ್ಧೆ ಏರ್ಪಡಿಸಿದರು. (ಮಕ್ಕಳಿಗೆ ಚಾಕುವಿನ ಬಹುಮಾನ ಶ್ರಾವಕರಿಗೆ ರುಚಿಸುವಂಥದಲ್ಲ, ಅದಿರಲಿ.) ಕೆಲವೇ ದಿನಗಳಲ್ಲಿ ಬೈಗುಳ, ಧ್ವಜಗಳ ದಹನ, ವಸತಿಗಳ ಮೇಲೆ ದಾಳಿ ನಡೆದವು. ಆ ಬಾಲಕರೆಲ್ಲರೂ ಒಂದೇ ಮತದ, ಒಂದೇ ಬಗೆಯ ಮನೆತನಗಳವರು. ಆದರೂ ತಮ್ಮವರು ಧೀರರಾಗಿಯೂ ಆಚೆಯವರು ನೀಚರಾಗಿಯೂ ಕಂಡರು. ಬಹುಮಾನದ ಮೇಲಿನ ಲೋಭವು ತಮ್ಮವರ ಬಗೆಗಿನ ಮಾನಕಷಾಯವಾಗಿ, ಮತ್ತೊಬ್ಬರ ಸ್ವಭಾವದ ನಿಂದೆಯಾಗಿ ಬೆಳೆದ ಬಗೆಯಿದು. ಜೊತೆಯಲ್ಲಿ ಊಟಕ್ಕೆ ಕೂರಿಸಿದರೂ ವೈರ ಶಮನವಾಗಲಿಲ್ಲ. ಶಿಬಿರದ ನೀರು ನಿಂತುಹೋಗಿ, ಎರಡೂ ತಂಡಗಳು ಸೇರಿ ದೋಷವನ್ನು ಹುಡುಕಬೇಕಾಯಿತು. ಇಂಥ ಕೂಡುಗೆಲಸಗಳು ಒಂದರ ಮೇಲೊಂದು ಬಂದ ಬಳಿಕವೇ ಮನಸ್ಸುಗಳು ತಿಳಿಯಾದವು.

ಕುಲಕರರ ದಂಡನೀತಿಯೂ ಮೊದಲು ‘ಹಾ’, ಅನಂತರ ‘ಮಾ’, ಕೊನೆಗೆ ‘ಧಿಕ್’ ಎಂದು ಕಠಿಣವಾಗುತ್ತ ಹೋಯಿತೇ ಹೊರತು ಅದರಿಂದ ಯಾರ ಹಸಿವೂ ನೀಗಲಿಲ್ಲ. ಕಲ್ಪವೃಕ್ಷಗಳು ಪೂರ್ತಿ ಅಳಿದು ಪ್ರಜೆಗಳು ಮೊರೆಯಿಟ್ಟಾಗ ಭಗವಾನ್ ವೃಷಭದೇವರು ಎಲ್ಲೆಗಳಷ್ಟಕ್ಕೇ ನಿಲ್ಲಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಬೋಧಿಸಿದರು. ಉಳುವವನಿಗೆ ನೇಗಿಲು ಮಾಡಿಕೊಡುವ ಶಿಲ್ಪಿ ಬೇಕಾದನು. ಶಿಲ್ಪಿಗೆ ಧಾನ್ಯ ಬೆಳೆಯುವವನು ಬೇಕಾದನು.

ಇನ್ನು ಶ್ರಾವಕನ ಪರಿಗ್ರಹಪರಿಮಾಣ ವ್ರತವಿದೆ. ಹೊಲ, ಮನೆ, ಧನ, ಧಾನ್ಯಗಳಿಗೆ ಇಷ್ಟೇ ಎಂಬ ಮಿತಿಯನ್ನು ಗೃಹಸ್ಥನು ತನಗೆ ತಾನೇ ಹಾಕಿಕೊಳ್ಳುತ್ತಾನೆ. ಸೀಮಂಕರನು ಬಂದು ಎಲ್ಲೆ ತೋರಿಸಲೆಂದು ಅವನು ಕಾಯುವುದಿಲ್ಲ.